ಬಿಷಪ್ಪರಿಗೆ ಬೇಡವಾಗಿದ್ದ ಮೋಡ

ಒಂದು ನದಿ. ನದಿಯಾಚೆ ದೊಡ್ಡ ಕೆಥೆಡ್ರಲ್, ಅಂದರೆ ಬಿಷಪ್ಪರ ಮುಖ್ಯ ಚರ್ಚು. ಅದರ ಮೊನಚು ಗೋಪುರ ಸೀದಾ ಕಪ್ಪು ಮೋಡದೊಳಗೆ ನುಗ್ಗಿದೆ, ಮೇಲೆ ಕಾಮನಬಿಲ್ಲು. ಇಂಗ್ಲೆಂಡಿನ ಚಿತ್ರಕಾರ ಜಾನ್ ಕಾನ್‌ಸ್ಟೇಬಲ್‌ನ ಈ ಚಿತ್ರವನ್ನು ನೀವು ಎಲ್ಲಾದರೂ ನೋಡಿಯೇ ಇರುತ್ತೀರಿ. ಹೆಸರು ‘ಹುಲ್ಲುಗಾವಲಿನಿಂದ ಕಂಡ ಸಾಲ್ಸ್‌ಬರಿ ಕೆಥೆಡ್ರಲ್’. ಮೊದಲ ಸಲ ಜನ ಅದನ್ನು ನೋಡಿದ್ದು 1831ರಲ್ಲಿ, ಲಂಡನ್ನಿನಲ್ಲಿ, ಚಿತ್ರಕಾರರ ಸಂಸ್ಥೆಯಾದ ರಾಯಲ್ ಅಕಾಡೆಮಿಯ ಪ್ರದರ್ಶನದಲ್ಲಿ. ಒಂದೂವರೆ ಮೀಟರ್ ಎತ್ತರ, ಹೆಚ್ಚುಕಮ್ಮಿ ಎರಡು ಮೀಟರ್ ಅಗಲದ ಕ್ಯಾನ್ವಾಸ್ ಅದು. ಮೊಬೈಲಿನಲ್ಲಿ ನೋಡಿ ತೀರ್ಮಾನಕ್ಕೆ ಬರುವಂಥದ್ದಲ್ಲ.

ಮೊದಲೇ ಹೇಳಿಬಿಡುತ್ತೇನೆ, ಈ ಚಿತ್ರದಲ್ಲಿ ಎಲ್ಲವೂ ಜಾಸ್ತಿ. ಬಿರುಗಾಳಿ ಇದೆ. ಚರ್ಚಿನ ಚಾವಣಿಯ ಮೇಲೆ ಕಂಡೂ ಕಾಣದಂಥ ಒಂದು ಮಿಂಚು ಇದೆ. ಕಾಮನಬಿಲ್ಲು ಇದೆ, ಗಾಳಿಗೆ ಸಿಕ್ಕಿದ ದೊಡ್ಡ ಮರ ಇದೆ, ನದಿ ದಾಟುತ್ತಿರುವ ಕುದುರೆ ಬಂಡಿ ಇದೆ, ನಾಯಿ ಇದೆ, ಮುಳ್ಳುಪೊದೆ ಇದೆ. ಯಾವ ಚಿತ್ರಕಲೆಯ ಮೇಷ್ಟ್ರು ನೋಡಿದರೂ ಅರ್ಧ ತೆಗೆದುಹಾಕು ಅನ್ನುತ್ತಾರೆ. ಆದರೂ ಇದು ನಿಲ್ಲುತ್ತದೆ, ಅದೂ ಎದುರಿಗೆ ಬಂದವರನ್ನು ಅಲ್ಲಾಡಲು ಬಿಡದ ಹಾಗೆ. ಯಾಕೆ ಅಂತ ಕೇಳಿದರೆ ಹೆಚ್ಚಿನವರು ಗೋಪುರ ತೋರಿಸುತ್ತಾರೆ, ಉಳಿದವರು ಕಾಮನಬಿಲ್ಲು. ನನ್ನ ಮಾತು ಬೇರೆ. ಈ ಚಿತ್ರವನ್ನು ಹಿಡಿದು ನಿಲ್ಲಿಸಿರುವುದು ಆ ಮೋಡ. ಆ ಮೋಡಕ್ಕೆ ಚಿತ್ರಕ್ಕಿಂತ ಹಳೆಯ ಕಥೆಯೊಂದಿದೆ, ಅದನ್ನು ತಿಳಿದುಕೊಂಡು ನೋಡಿದರೆ ಮಜಾನೇ ಬೇರೆ.

ಕಥೆಯಲ್ಲಿ ಇಬ್ಬರು ಜಾನ್ ಫಿಶರ್ ಇದ್ದಾರೆ, ಗೊಂದಲ ಆಗಬಾರದು. ಒಬ್ಬರು ಹಿರಿಯರು, ಸಾಲ್ಸ್‌ಬರಿಯ ಬಿಷಪ್. ಇನ್ನೊಬ್ಬ ಅವರ ಸೋದರನ ಮಗ, ಮುಂದೆ ಆರ್ಚ್‌ಡೀಕನ್, ಅಂದರೆ ಬಿಷಪ್ಪರ ಕೈಕೆಳಗಿನ ಹಿರಿಯ ಪಾದ್ರಿ, ಆದವನು. ಕಾನ್‌ಸ್ಟೇಬಲ್ ಮೊದಲು ಸಾಲ್ಸ್‌ಬರಿಗೆ ಹೋಗಿದ್ದು 1811ರಲ್ಲಿ, ಬಿಷಪ್ಪರ ಅತಿಥಿಯಾಗಿ. ಆದರೆ ಜೀವದ ಗೆಳೆಯನಾಗಿದ್ದು ಕಿರಿಯ ಫಿಶರ್. 1816ರಲ್ಲಿ ಕಾನ್‌ಸ್ಟೇಬಲ್ ಮತ್ತು ಮರಾಯಾ ಬಿಕ್ನೆಲ್‌ರ ಮದುವೆ ಮಾಡಿಸಿದ ಪಾದ್ರಿ ಇವನೇ. ಹೆಣ್ಣಿನ ಕಡೆಯವರಿಗೆ ಈ ಸಂಬಂಧ ಇಷ್ಟವಿರಲಿಲ್ಲ, ವರ್ಷಗಟ್ಟಲೆ ಕಾಯಿಸಿದ್ದರು. ಕೈಯಲ್ಲಿ ಕಾಸಿಲ್ಲದ ಚಿತ್ರಕಾರನಿಗೆ ಯಾರು ಮಗಳನ್ನು ಕೊಡುತ್ತಾರೆ ಹೇಳಿ. ಆಮೇಲೆ ಕಾನ್‌ಸ್ಟೇಬಲ್‌ನ ಮೊದಲ ದೊಡ್ಡ ಚಿತ್ರ ‘ದಿ ವೈಟ್ ಹಾರ್ಸ್’ ಅನ್ನು 100 ಗಿನಿ (ಆಗಿನ ಇಂಗ್ಲಿಷ್ ಹಣ) ಕೊಟ್ಟು ಕೊಂಡವನೂ ಈ ಫಿಶರೇ. ಅವರಿಬ್ಬರ ಪತ್ರಗಳು ಉಳಿದಿರುವುದರಿಂದಲೇ ಕಾನ್‌ಸ್ಟೇಬಲ್ ಬಗ್ಗೆ ನಮಗೆ ಇಷ್ಟೆಲ್ಲ ಗೊತ್ತು.

ಈಗ ಮೋಡದ ವಿಷಯ. ಬಿಷಪ್ಪರಿಗೆ ತಮ್ಮ ಕೆಥೆಡ್ರಲ್‌ನ ಒಂದು ಚಿತ್ರ ಬೇಕಿತ್ತು. ಕಾನ್‌ಸ್ಟೇಬಲ್ ಬರೆದುಕೊಟ್ಟ. ಅದು ‘ಬಿಷಪ್ಪರ ತೋಟದಿಂದ ಕಂಡ ಸಾಲ್ಸ್‌ಬರಿ ಕೆಥೆಡ್ರಲ್’, 1823ರದ್ದು, ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ಎರಡು ಕಡೆಯಿಂದ ಮರಗಳು ಬಾಗಿ ಕಮಾನು ಕಟ್ಟಿವೆ, ನಡುವೆ ಗೋಪುರ. ಕೆಳಗೆ ಹಸುಗಳು ನೀರು ಕುಡಿಯುತ್ತಿವೆ. ಎಡಗಡೆ ಮೂಲೆಯಲ್ಲಿ ಬಿಷಪ್ಪರೂ ಅವರ ಹೆಂಡತಿಯೂ ನಿಂತಿದ್ದಾರೆ. ಬಿಷಪ್ಪರು ಕೈಯಲ್ಲಿದ್ದ ಕೋಲೆತ್ತಿ ಗೋಪುರ ತೋರಿಸುತ್ತಿದ್ದಾರೆ, ಹೆಂಡತಿಗೆ ಅದು ಎಲ್ಲಿದೆ ಅಂತ ಗೊತ್ತಿಲ್ಲವೇನೋ ಅನ್ನುವ ಹಾಗೆ!

ಎಲ್ಲ ಚೆನ್ನಾಗಿಯೇ ಇತ್ತು, ಗೋಪುರದ ಹಿಂದಿನ ಮಬ್ಬು ಮೋಡವೊಂದನ್ನು ಬಿಟ್ಟು. ಚಿತ್ರ ಬಿಷಪ್ಪರಿಗೆ ಹಿಡಿಸಿದೆ, ಮೋಡ ಮಾತ್ರ ಹಿಡಿಸಿಲ್ಲ, ಅವರಿಗೆ ತಿಳಿಯಾದ ನೀಲಿ ಆಕಾಶ ಬೇಕಂತೆ ಅಂತ ಕಿರಿಯ ಫಿಶರ್ ಅದೇ ವರ್ಷ ಅಕ್ಟೋಬರ್‌ನಲ್ಲಿ ಪತ್ರ ಬರೆದು ತಿಳಿಸಿದ. ಬಿಷಪ್ಪರ ಬೇಡಿಕೆಯಲ್ಲಿ ತಪ್ಪೇನಿಲ್ಲ ಬಿಡಿ. ದುಡ್ಡು ಕೊಟ್ಟು ತಮ್ಮ ಚರ್ಚಿನ ಚಿತ್ರ ಬರೆಸುವವರು ಅದು ಬಿಸಿಲಿನಲ್ಲಿ ಫಳಫಳ ಅನ್ನಲಿ ಅಂತ ಬಯಸುವುದು ಸಹಜ. ಆದರೆ ಕೇಳಿದ್ದು ಯಾರ ಹತ್ತಿರ? ಆಕಾಶದ ಹುಚ್ಚು ಹಿಡಿದ ಮನುಷ್ಯನ ಹತ್ತಿರ.

ಹುಚ್ಚು ಅಂದರೆ ನಿಜವಾಗಿ ಹುಚ್ಚೇ. ಕಾನ್‌ಸ್ಟೇಬಲ್‌ನ ಅಪ್ಪನಿಗೆ ಸಫಕ್‌ನಲ್ಲಿ ನೀರಿನ ಗಿರಣಿ, ಗಾಳಿ ಗಿರಣಿ ಎರಡೂ ಇದ್ದವು. ಹುಡುಗ ಕೆಲಕಾಲ ಅಲ್ಲೇ ಕೆಲಸ ಮಾಡಿದ್ದ. ಗಾಳಿ ಗಿರಣಿಯವನಿಗೆ ಆಕಾಶ ನೋಡುವುದು ಹೊಟ್ಟೆಪಾಡು. ಗಾಳಿ ಯಾವ ಕಡೆಯಿಂದ ಬರುತ್ತದೆ, ಯಾವಾಗ ಜೋರಾಗುತ್ತದೆ ಅಂತ ಮೊದಲೇ ಗೊತ್ತಾಗದಿದ್ದರೆ ರೆಕ್ಕೆ ಮುರಿದುಹೋಗುತ್ತದೆ. ಮುಂದೆ 1821, 1822ರಲ್ಲಿ ಲಂಡನ್ನಿನ ಹೊರಗಿನ ಹ್ಯಾಂಪ್‌ಸ್ಟೆಡ್ ದಿಬ್ಬದ ಮೇಲೆ ಕೂತು ಬರೀ ಮೋಡಗಳನ್ನೇ ಬರೆದ. ಚಿಕ್ಕ ಚಿಕ್ಕ ಕಾಗದದ ಮೇಲೆ ತೈಲವರ್ಣ, ಮರವಿಲ್ಲ, ಮನೆಯಿಲ್ಲ, ಎಷ್ಟೋ ಚಿತ್ರಗಳಲ್ಲಿ ನೆಲವೇ ಇಲ್ಲ. ಹಿಂಬದಿಯಲ್ಲಿ ತಾರೀಖು, ಹೊತ್ತು, ಗಾಳಿಯ ದಿಕ್ಕು, ಆಮೇಲೆ ಮಳೆ ಬಂತೋ ಇಲ್ಲವೋ ಅಂತ ಟಿಪ್ಪಣಿ. ಮೋಡಗಳಿಗೆ ಕ್ಯುಮುಲಸ್, ಸಿರಸ್ ಅಂತ ಲೂಕ್ ಹೊವರ್ಡ್ ಹೆಸರಿಟ್ಟು ಆಗಿನ್ನೂ ಇಪ್ಪತ್ತು ವರ್ಷವಾಗಿತ್ತು. ಆ ವಿಷಯದ ಪುಸ್ತಕ ತರಿಸಿಕೊಂಡು, ಓದಿ, ಅಂಚಿನಲ್ಲಿ ತನ್ನ ತಕರಾರುಗಳನ್ನೂ ಬರೆದಿಟ್ಟ. ಆಕಾಶವೇ ಲ್ಯಾಂಡ್‌ಸ್ಕೇಪ್‌ನ ಶ್ರುತಿ, ಬೆಳಕಿನ ಮೂಲ ಅದು, ಉಳಿದದ್ದನ್ನೆಲ್ಲ ಆಳುವುದೂ ಅದೇ ಅನ್ನುವ ಅರ್ಥದ ಮಾತನ್ನು 1821ರಲ್ಲಿ ಫಿಶರ್‌ಗೇ ಬರೆದಿದ್ದ.

ಇಂಥವನಿಗೆ ‘ಮೋಡ ತೆಗಿ’ ಅಂದರೆ ಏನಾಗಬೇಡ?

ಪಾಪ, ಜಗಳವೇನೂ ಆಡಲಿಲ್ಲ. ತಿಳಿ ಆಕಾಶದ ಇನ್ನೊಂದು ಚಿತ್ರ ಬರೆಯಲು ಶುರು ಮಾಡಿದ. ಮಾಡಿ ಮುಗಿಸುವ ಹೊತ್ತಿಗೆ 1825ರಲ್ಲಿ ಬಿಷಪ್ಪರು ತೀರಿಕೊಂಡರು. 1826ರಲ್ಲಿ ಮುಗಿದ ಆ ಚಿತ್ರ ಈಗ ನ್ಯೂಯಾರ್ಕಿನ ಫ್ರಿಕ್ ಸಂಗ್ರಹದಲ್ಲಿದೆ. ಆಕಾಶ ನೀಲಿ, ಮೋಡ ಬೆಳ್ಳಗೆ, ಕಮಾನಿನಂತಿದ್ದ ಮರಗಳನ್ನೂ ಬಿಡಿಸಿ ಬೆಳಕು ಒಳಗೆ ಬಿಟ್ಟಿದ್ದಾನೆ. ಯಾರಿಗೆ ಆ ಆಕಾಶ ಬೇಕಿತ್ತೋ ಅವರು ನೋಡಲಿಲ್ಲ. ಚಿತ್ರ ಚೆಂದವಾಗಿದೆ, ಇಲ್ಲ ಅನ್ನಲಾರೆ. ಆದರೆ ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ನೋಡಿ. ನೀಲಿ ಆಕಾಶದ ಮುಂದೆ ಆ ಗೋಪುರ ಒಂದು ಕಟ್ಟಡ, ಅಷ್ಟೇ. ಮಬ್ಬು ಮೋಡದ ಮುಂದೆ ಅದೇ ಗೋಪುರ ಬೆಳಗುತ್ತದೆ. ಬೆಳ್ಳನೆಯ ಕಲ್ಲು ಬೆಳ್ಳಗೆ ಕಾಣಬೇಕಾದರೆ ಅದರ ಹಿಂದೆ ಕಪ್ಪು ಬೇಕೇ ಬೇಕು. ಬಿಷಪ್ಪರು ತಮ್ಮ ಚರ್ಚು ಹೊಳೆಯಲಿ ಅಂತ ಬಯಸಿ, ಹೊಳೆಯುವಂತೆ ಮಾಡುತ್ತಿದ್ದ ಮೋಡವನ್ನೇ ತೆಗೆಸಿದರು.

ಅಂದ ಹಾಗೆ ಕಾನ್‌ಸ್ಟೇಬಲ್‌ಗೆ ಕಟ್ಟಡ ಬರೆಯುವುದು ಇಷ್ಟದ ಕೆಲಸವಾಗಿರಲಿಲ್ಲ. ತಾನು ಈಸೆಲ್ (ಚಿತ್ರ ಬರೆಯುವ ಚೌಕಟ್ಟು) ಮೇಲೆ ಇಟ್ಟ ಲ್ಯಾಂಡ್‌ಸ್ಕೇಪ್‌ಗಳಲ್ಲೆಲ್ಲ ಅತಿ ಕಷ್ಟದ್ದು ಈ ಕೆಥೆಡ್ರಲ್ ಅಂತ ಹೇಳಿಕೊಂಡಿದ್ದಾನೆ. ಕಿಟಕಿ, ಆನಿಕೆ ಗೋಡೆ ಯಾವುದಕ್ಕೂ ಹಿಂಜರಿಯಲಿಲ್ಲ, ಆದರೆ ಯಾವಾಗಿನ ಹಾಗೆ ಬೆಳಕು ನೆರಳಿನ ಓಡಾಟದಲ್ಲಿ ತಪ್ಪಿಸಿಕೊಂಡೆ ಅಂತಲೂ ಬರೆದಿದ್ದಾನೆ. ನನಗೆ ಅವನ ಮಾತುಗಳಲ್ಲೆಲ್ಲ ಇದು ಬಹಳ ಇಷ್ಟ. ಸಾವಿರಾರು ಕೆತ್ತನೆ ಇರುವ ಕಲ್ಲಿನ ಕಟ್ಟಡವನ್ನು ಗೆರೆ ಗೆರೆ ಎಳೆದು ಬರೆದರೆ ನಕ್ಷೆಯಾಗುತ್ತದೆ, ಚಿತ್ರ ಆಗುವುದಿಲ್ಲ. ಒಂದು ಮೋಡ ಹಾಯಿಸಿ, ಅರ್ಧ ಕಟ್ಟಡ ನೆರಳಿಗೆ ತಳ್ಳಿಬಿಟ್ಟರೆ ಉಳಿದರ್ಧ ತಾನೇ ಎದ್ದು ಬರುತ್ತದೆ.

ಇಲ್ಲಿ ಕೆಥೆಡ್ರಲ್ ಬಗ್ಗೆಯೂ ಒಂದೆರಡು ಮಾತು ಹೇಳಲೇಬೇಕು, ಯಾಕೆಂದರೆ ಚಿತ್ರದಲ್ಲಿ ನೀರು ಮತ್ತು ಕಲ್ಲು ಅಕ್ಕಪಕ್ಕ ಇರುವುದು ಬರೀ ಚೆಂದಕ್ಕಲ್ಲ. ಸಾಲ್ಸ್‌ಬರಿ ಕೆಥೆಡ್ರಲ್‌ಗೆ ಅಡಿಪಾಯ ಹಾಕಿದ್ದು 1220ರಲ್ಲಿ. 1258ಕ್ಕೆಲ್ಲ ಮುಖ್ಯ ಕಟ್ಟಡ ಮುಗಿಯಿತು, ಆ ಕಾಲಕ್ಕೆ ಅದು ಭಾರೀ ವೇಗ. ಗೋಪುರ ಬಂದಿದ್ದು ಆಮೇಲೆ, ಹದಿನಾಲ್ಕನೇ ಶತಮಾನದ ಶುರುವಿನಲ್ಲಿ. 123 ಮೀಟರ್ ಎತ್ತರ, ಇವತ್ತಿಗೂ ಬ್ರಿಟನ್ನಿನ ಚರ್ಚ್ ಗೋಪುರಗಳಲ್ಲೆಲ್ಲ ಅದೇ ಎತ್ತರದ್ದು. ಕೆಳಗಿನ ಕಟ್ಟಡ ಕಟ್ಟಿದವರಿಗೆ ಮೇಲೆ ಇಂಥದ್ದೊಂದು ಬಂದು ಕೂರುತ್ತದೆ ಅಂತ ಅಂದಾಜೇ ಇರಲಿಲ್ಲ. ಸುಮಾರು 6,500 ಟನ್ ಹೆಚ್ಚುವರಿ ಭಾರ. ಒಳಗೆ ನಿಂತು ಮೇಲೆ ನೋಡಿದರೆ ನಡುವಿನ ಕಂಬಗಳು ಬಾಗಿರುವುದು ಬರಿಗಣ್ಣಿಗೇ ಕಾಣುತ್ತದೆ. 1668ರಲ್ಲಿ ವಾಸ್ತುಶಿಲ್ಪಿ ಕ್ರಿಸ್ಟೋಫರ್ ರೆನ್ ಬಂದು ಪರೀಕ್ಷೆ ಮಾಡಿದಾಗ ಗೋಪುರದ ತುದಿ ಮುಕ್ಕಾಲು ಮೀಟರಿನಷ್ಟು ವಾಲಿದ್ದು ಗೊತ್ತಾಯಿತು.

ಇಷ್ಟೆಲ್ಲ ಭಾರಕ್ಕೆ ಅಡಿಪಾಯ ಎಷ್ಟು ಆಳ ಗೊತ್ತಾ? ಹತ್ತಿರ ಹತ್ತಿರ 1.2 ಮೀಟರ್ ಅಷ್ಟೇ. ಅದರ ಕೆಳಗಿರುವುದು ನದಿ ತಂದು ಸುರಿದ ಜಲ್ಲಿಕಲ್ಲಿನ ಪದರ, ಅದರಲ್ಲಿ ಸದಾ ನೀರು. ಆ ನೀರಿನ ಮಟ್ಟ ಏರುಪೇರಾಗದೆ ಇದ್ದರೆ ಜಲ್ಲಿ ಗಟ್ಟಿಯಾಗಿರುತ್ತದೆ. ಹಾಗಾಗಿ ಕೆಥೆಡ್ರಲ್‌ನ ನೆಲದಲ್ಲೊಂದು ಕಲ್ಲು ಎತ್ತಿ, ಉದ್ದದ ಕೋಲು ಇಳಿಸಿ ನೀರು ಎಷ್ಟಿದೆ ಅಂತ ಈಗಲೂ ನೋಡುತ್ತಾರೆ. ಅಂದರೆ ಚಿತ್ರದ ಮುಂಬದಿಯಲ್ಲಿ ಹರಿಯುತ್ತಿರುವ ನೀರು ಆ ಚರ್ಚಿನ ಕಾಲ ಕೆಳಗೂ ಇದೆ. ಕಾನ್‌ಸ್ಟೇಬಲ್ ಇಂಥ ಲೆಕ್ಕ ಹಾಕಿ ಬರೆದ ಅಂತ ನಾನು ಹೇಳುತ್ತಿಲ್ಲ. ಆದರೆ ಗಿರಣಿಯವನ ಮಗನಿಗೆ ಆ ನೆಲದ ಒದ್ದೆ ಕಾಲಿಗೇ ಗೊತ್ತಾಗಿರುತ್ತದೆ, ಅಲ್ವಾ?

ಆ ಹುಲ್ಲುಗಾವಲೂ ತಾನಾಗಿ ಬೆಳೆದದ್ದಲ್ಲ. ನ್ಯಾಡರ್ ಮತ್ತು ಏವನ್ ನದಿಗಳು ಹತ್ತಿರ ಬರುವ ಜಾಗ ಅದು. ಹದಿನೇಳನೇ ಶತಮಾನದಿಂದ ಅಲ್ಲಿನ ರೈತರು ಕಾಲುವೆ, ತೂಬು ಮಾಡಿಕೊಂಡು ಚಳಿಗಾಲದಲ್ಲಿ ನದಿಯ ನೀರನ್ನು ಹುಲ್ಲಿನ ಮೇಲೆ ತೆಳ್ಳಗೆ ಹಾಯಿಸುತ್ತಿದ್ದರು. ಸುಣ್ಣಕಲ್ಲಿನ ನೆಲದಿಂದ ಬರುವ ನೀರು ಚಳಿಯಲ್ಲೂ ಅಷ್ಟೊಂದು ತಣ್ಣಗಿರುವುದಿಲ್ಲ. ಹೆಪ್ಪುಗಟ್ಟುವ ರಾತ್ರಿಯಲ್ಲೂ ಹುಲ್ಲು ಸಾಯದೆ, ಬೇರೆ ಕಡೆಗಿಂತ ಬೇಗ ಚಿಗುರುತ್ತಿತ್ತು. ಕುರಿಗಳಿಗೆ ಮೇವು, ಕುರಿಗಳಿಂದ ಹೊಲಕ್ಕೆ ಗೊಬ್ಬರ. ಚಿತ್ರ ನೋಡಿ ‘ಆಹಾ ಪ್ರಕೃತಿ’ ಅನ್ನುವವರಿಗೆ ಇದನ್ನು ಹೇಳಬೇಕು. ಆ ಹಸಿರು ಒಂದು ಕಾರ್ಖಾನೆ. ನೀರಿನಲ್ಲಿ ಇಳಿದಿರುವ ಆ ಬಂಡಿಯೂ ಅಲಂಕಾರಕ್ಕೆ ನಿಂತದ್ದಲ್ಲ, ಕೆಲಸದ ಬಂಡಿ.

ಸರಿ, ಮತ್ತೆ ಮೋಡಕ್ಕೆ ಬರೋಣ. 1828ರ ನವೆಂಬರ್‌ನಲ್ಲಿ ಹೆಂಡತಿ ಮರಾಯಾ ಕ್ಷಯದಿಂದ ತೀರಿಕೊಂಡಳು. ಏಳು ಮಕ್ಕಳು. ಅದಾಗಿ ಮೂರು ತಿಂಗಳಿಗೆ, 1829ರ ಫೆಬ್ರವರಿಯಲ್ಲಿ, ರಾಯಲ್ ಅಕಾಡೆಮಿ ಅವನನ್ನು ಪೂರ್ಣ ಸದಸ್ಯನಾಗಿ ಆರಿಸಿತು, ಅದೂ ಒಂದೇ ಒಂದು ಓಟಿನ ಅಂತರದಲ್ಲಿ. ಆ ಹೊತ್ತಿಗೆ ಅವನಿಗೆ 52 ವರ್ಷ. ಅವನಿಗಿಂತ ಒಂದು ವರ್ಷ ದೊಡ್ಡವನಾದ ಚಿತ್ರಕಾರ ಟರ್ನರ್‌ಗೆ ಆ ಪಟ್ಟ 1802ರಲ್ಲೇ ಸಿಕ್ಕಿತ್ತು. ಫ್ರೆಂಚರು 1824ರಲ್ಲೇ ‘ದಿ ಹೇ ವೇನ್’ ಚಿತ್ರಕ್ಕೆ ಪ್ಯಾರಿಸ್ಸಿನಲ್ಲಿ ಚಿನ್ನದ ಪದಕ ಕೊಟ್ಟು ಕಳಿಸಿದ್ದರು, ಊರಿನವರಿಗೆ ಮಾತ್ರ ಇಷ್ಟು ಹೊತ್ತು ಬೇಕಾಯಿತು. ಹಂಚಿಕೊಳ್ಳಲು ಹೆಂಡತಿ ಇಲ್ಲದ ಮೇಲೆ ಆ ಗೌರವ ತಗೊಂಡು ಏನು ಮಾಡುವುದು?

ಗೆಳೆಯ ಫಿಶರ್ ಸಾಲ್ಸ್‌ಬರಿಗೆ ಕರೆಸಿಕೊಂಡ. ಆ ವರ್ಷ ಜುಲೈನಲ್ಲಿ ಕಾನ್‌ಸ್ಟೇಬಲ್ ಮಕ್ಕಳನ್ನು ಕರೆದುಕೊಂಡು ಹೋದ, ನವೆಂಬರ್‌ನಲ್ಲಿ ಮತ್ತೆ ಹೋದ. ಕೆಥೆಡ್ರಲ್ ಅಂಗಳದ ಪಕ್ಕದಲ್ಲೇ ಫಿಶರನ ಮನೆ, ಲೆಡನ್‌ಹಾಲ್ ಅಂತ. ಮೋಡ ಕವಿದ ಚರ್ಚೇ ನೀನು ಎತ್ತಿಕೊಳ್ಳಬಹುದಾದ ಅತ್ಯುತ್ತಮ ವಿಷಯ, ಬಂದು ಶುರು ಮಾಡು ಅಂತ ಪತ್ರ ಬರೆದು ಹುರಿದುಂಬಿಸಿದವನು ಅವನೇ. ಗಮನಿಸಿ, ತಿಳಿ ಆಕಾಶ ಕೇಳಿದ ಬಿಷಪ್ಪರ ಮನೆಯ ಹುಡುಗ, ಅವರದೇ ಕೆಥೆಡ್ರಲ್ ಮೇಲೆ ಮೋಡ ಹಾಕು ಅಂತ ತಾನಾಗಿ ಹೇಳುತ್ತಿದ್ದಾನೆ. ಆರು ವರ್ಷದಲ್ಲಿ ಎಷ್ಟು ಬದಲಾವಣೆ!

ಆ ಮಾತಿನಲ್ಲಿ ರಾಜಕೀಯವೂ ಇತ್ತು. 1829ರಲ್ಲಿ ಕ್ಯಾಥಲಿಕರಿಗೆ ಪಾರ್ಲಿಮೆಂಟಿನ ಬಾಗಿಲು ತೆರೆಯುವ ಕಾನೂನು ಬಂದಿತ್ತು. ಮತದಾನದ ಸುಧಾರಣೆ ಬೇಕು ಅನ್ನುವ ಗಲಾಟೆ ಏರುತ್ತಿತ್ತು. ಇಂಗ್ಲೆಂಡಿನ ಅಧಿಕೃತ ಚರ್ಚಾದ ಆಂಗ್ಲಿಕನ್ ಚರ್ಚಿನ ಯಜಮಾನಿಕೆಗೆ ಕುತ್ತು ಬಂತು ಅಂತ ಫಿಶರ್, ಕಾನ್‌ಸ್ಟೇಬಲ್ ಇಬ್ಬರೂ ಹೆದರಿದ್ದರು. ಕಾನ್‌ಸ್ಟೇಬಲ್ ಪಕ್ಕಾ ಸಂಪ್ರದಾಯವಾದಿ, ಸುಧಾರಣೆ ಅಂದರೆ ಉರಿದು ಬೀಳುತ್ತಿದ್ದ. ಹಾಗಾಗಿ ಇದು ಕಷ್ಟದಲ್ಲಿರುವ ಚರ್ಚಿನ ಚಿತ್ರ ಅಂತ ವಿದ್ವಾಂಸರು ವಿವರಿಸುತ್ತಾರೆ. ಇರಬಹುದು. ಆದರೆ ಅಷ್ಟಕ್ಕೇ ನಿಲ್ಲಿಸಿದರೆ ನನಗೆ ಸಮಾಧಾನವಿಲ್ಲ. ಸುಧಾರಣಾ ಮಸೂದೆ ಮೇಲಿನ ಸಿಟ್ಟಿಗೆ ಯಾರೂ ಮೋಡದ ಒಂದೊಂದು ಮಡಿಕೆಯನ್ನೂ ಹೀಗೆ ಬರೆಯುವುದಿಲ್ಲ. ಹೆಂಡತಿ ಸತ್ತ ಮೇಲೆ ಅವನ ಆಕಾಶಗಳೆಲ್ಲ ಕೆರಳುತ್ತವೆ, ಬಣ್ಣ ದಪ್ಪಗಾಗುತ್ತದೆ, ಕುಂಚ ಬಿಟ್ಟು ಬಣ್ಣದ ಚಾಕು ಹಿಡಿಯುವುದು ಜಾಸ್ತಿಯಾಗುತ್ತದೆ. ಅದಕ್ಕೆ ಪಾರ್ಲಿಮೆಂಟ್ ಕಾರಣವಲ್ಲ.

ಚಿತ್ರದ ಕೆಳಭಾಗವನ್ನು ದೊಡ್ಡದು ಮಾಡಿ ನೋಡಿ. ಮೂಲ ಚಿತ್ರ ಈಗ ಇರುವುದು ಬ್ರಿಟನ್ನಿನ ಟೇಟ್ ಮ್ಯೂಸಿಯಂ ಬಳಿ, ಅವರ ಪ್ರತಿ ಅಂತರ್ಜಾಲದಲ್ಲಿ ಸಿಗುತ್ತದೆ. ಗೋಪುರ ಬಿಡಿ, ಕಾಮನಬಿಲ್ಲು ಬಿಡಿ, ಸುಮ್ನೆ ಆ ದಡ ನೋಡಿ. ಮುಳ್ಳುಪೊದೆ, ಹಳೇ ಮರದ ಕಂಬಗಳು, ಕೊಚ್ಚೆ. ಕಪ್ಪು ಬಿಳಿ ಬಣ್ಣದ ಕುರಿ ಕಾಯುವ ನಾಯಿ. ಎಡಗಡೆ ಮೂರು ಕುದುರೆಗಳ ಬಂಡಿ ನೀರಿನಲ್ಲಿ. ಎಲ್ಲದರ ಮೇಲೂ ಬಿಳಿ ಚುಕ್ಕೆಗಳು, ಎಲೆಯ ಮೇಲೆ, ನೀರಿನ ಮೇಲೆ, ಹುಲ್ಲಿನ ಮೇಲೆ. ಮಳೆ ಈಗಷ್ಟೇ ನಿಂತಿದೆ, ಎಲ್ಲ ಒದ್ದೆಯಾಗಿದೆ, ಎಲ್ಲೋ ಒಂದು ಕಡೆಯಿಂದ ಬೆಳಕು ಬಿದ್ದು ಹನಿಹನಿಯೂ ಮಿನುಗುತ್ತಿದೆ ಅನ್ನುವುದನ್ನು ಆ ಚುಕ್ಕೆಗಳಲ್ಲೇ ಹೇಳಿದ್ದಾನೆ. ಹತ್ತಿರ ಹೋದರೆ ಬರೀ ಬಣ್ಣದ ಗಂಟುಗಳು, ಯಾವುದು ಎಲೆ ಯಾವುದು ನೀರು ಅಂತ ಗೊತ್ತಾಗುವುದಿಲ್ಲ. ನಾಲ್ಕು ಹೆಜ್ಜೆ ಹಿಂದೆ ಬಂದರೆ ಮೈಗೆ ತಣ್ಣಗಾಗುತ್ತದೆ. ಆ ಕಾಲದ ಜನ ಇದನ್ನು ‘ಕಾನ್‌ಸ್ಟೇಬಲ್‌ನ ಹಿಮ’ ಅಂತ ಗೇಲಿ ಮಾಡುತ್ತಿದ್ದರು. ಗಿರಣಿಯ ಕಟ್ಟೆಯಿಂದ ಚಿಮ್ಮುವ ನೀರು, ಕೊಳೆತ ಹಲಗೆ, ಪಾಚಿ ಕಟ್ಟಿದ ಕಂಬ, ಇಂಥವೆಲ್ಲ ತನಗೆ ಪ್ರೀತಿ ಅಂತ ಬರೆದುಕೊಂಡವನು ಅವನು. ದಡದ ಆ ಕಂಬಗಳನ್ನು ಕೆಥೆಡ್ರಲ್‌ಗಿಂತ ಹೆಚ್ಚು ಖುಷಿಯಿಂದ ಬರೆದಿದ್ದಾನೆ ಅಂತ ನನ್ನ ಗುಮಾನಿ.

ಪ್ರದರ್ಶನದಲ್ಲಿ ಏನಾಯಿತು ಅಂದರೆ, ಆ ವರ್ಷ ಚಿತ್ರಗಳನ್ನು ಗೋಡೆಗೆ ಹಾಕುವ ಸಮಿತಿಯಲ್ಲಿ ಕಾನ್‌ಸ್ಟೇಬಲ್ ತಾನೇ ಇದ್ದ. ಪಕ್ಕದಲ್ಲಿ ಟರ್ನರ್‌ನ ‘ಕ್ಯಾಲಿಗುಲಾಸ್ ಪ್ಯಾಲೆಸ್ ಅಂಡ್ ಬ್ರಿಡ್ಜ್’. ಬಂಗಾರದ ಬಿಸಿಲಿನ ಚಿತ್ರ ಅದು. ಒಂದು ಬೆಂಕಿ, ಇನ್ನೊಂದು ನೀರು, ಒಬ್ಬ ಪೂರಾ ಸೆಖೆ, ಇನ್ನೊಬ್ಬ ಪೂರಾ ತೇವ ಅಂತ ಆಗಿನ ಪತ್ರಿಕೆಯೊಂದು ತಮಾಷೆ ಮಾಡಿತು. ತನ್ನ ಚಿತ್ರದ ಜಾಗ ಬದಲಿಸಿದ್ದಕ್ಕೆ ಟರ್ನರ್ ಒಂದು ಊಟದ ಮನೆಯಲ್ಲಿ ಎಲ್ಲರ ಮುಂದೆ ಕಾನ್‌ಸ್ಟೇಬಲ್‌ಗೆ ಚೆನ್ನಾಗಿ ಬೆಂಡೆತ್ತಿದ ಅಂತ ಚಿತ್ರಕಾರ ಡೇವಿಡ್ ರಾಬರ್ಟ್ಸ್ ನೆನಪಿಸಿಕೊಂಡಿದ್ದಾನೆ. ‘ದಿ ಟೈಮ್ಸ್’ ಪತ್ರಿಕೆಯ ವಿಮರ್ಶೆ ಇನ್ನೂ ಮಜವಾಗಿದೆ. ಗಟ್ಟಿಮುಟ್ಟಾದ ಒಳ್ಳೆಯ ಚಿತ್ರ, ಆದರೆ ಯಾರೋ ಬಂದು ಮನುಷ್ಯಮಾತ್ರದವರು ಕಂಡಿರದಂಥ ಮೋಡಗಳನ್ನು ಹಾಕಿ, ಮುಂಬದಿಗೆಲ್ಲ ಸುಣ್ಣ ಚಿಮುಕಿಸಿ ಹಾಳು ಮಾಡಿದ್ದಾರೆ ಅನ್ನುವ ಧಾಟಿ. ನೋಡಿ, ಮತ್ತೆ ಮೋಡವೇ! ಮೋಡಗಳನ್ನು ತಾರೀಖು ಹಾಕಿ ಇಟ್ಟುಕೊಂಡಿದ್ದ ಮನುಷ್ಯನಿಗೆ, ಇಂಥ ಮೋಡ ಎಲ್ಲೂ ಇಲ್ಲ ಅಂತ ಆಕಾಶವನ್ನು ಕಿಟಕಿಯಿಂದ ನೋಡುವವರು ಪಾಠ ಹೇಳಿದರು.

ಹಾಗಂತ ಚಿತ್ರದಲ್ಲಿ ಎಲ್ಲವೂ ನಿಜವಲ್ಲ. ಸುಳ್ಳು ಇರುವುದು ಮೋಡದಲ್ಲಲ್ಲ, ಕಾಮನಬಿಲ್ಲಿನಲ್ಲಿ. ಕಾಮನಬಿಲ್ಲು ಕಾಣಬೇಕಾದರೆ ಸೂರ್ಯ ನಮ್ಮ ಬೆನ್ನ ಹಿಂದೆ ಇರಬೇಕು. ನಮ್ಮ ನೆರಳಿನ ತಲೆ ಇರುವ ದಿಕ್ಕನ್ನೇ ಕೇಂದ್ರ ಮಾಡಿಕೊಂಡು ಅಲ್ಲಿಂದ ಸುಮಾರು 42 ಡಿಗ್ರಿ ಕೋನದಾಚೆ ಬಿಲ್ಲು ಮೂಡುತ್ತದೆ, ಸೂರ್ಯ 42 ಡಿಗ್ರಿಗಿಂತ ಮೇಲಿದ್ದರೆ ಸಮತಟ್ಟಾದ ನೆಲದಲ್ಲಿ ನಿಂತವರಿಗೆ ಕಾಣುವುದೇ ಇಲ್ಲ. ಈ ಚಿತ್ರದ ಬೆಳಕಿಗೂ ಬಿಲ್ಲು ನಿಂತಿರುವ ಜಾಗಕ್ಕೂ ತಾಳೆಯಾಗುವುದಿಲ್ಲ ಅಂತ ಹವಾಮಾನ ಬಲ್ಲವರು ಲೆಕ್ಕ ಹಾಕಿ ತೋರಿಸಿದ್ದಾರೆ. ಕಾನ್‌ಸ್ಟೇಬಲ್‌ಗೆ ಇದು ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಕಾಮನಬಿಲ್ಲಿನ ರೇಖಾಚಿತ್ರ ಬರೆದುಕೊಂಡು, ಬೆಳಕಿನ ಕಿರಣ ಹನಿಯೊಳಗೆ ಹೇಗೆ ತಿರುಗುತ್ತದೆ ಅಂತ ಕಲಿತವನು ಅವನು.

ಆ ಬಿಲ್ಲಿನ ಬಲತುದಿ ಎಲ್ಲಿ ಇಳಿಯುತ್ತದೆ ನೋಡಿ. ಲೆಡನ್‌ಹಾಲ್ ಮೇಲೆ, ಫಿಶರನ ಮನೆಯ ಮೇಲೆ. ಫಿಶರ್ 1832ರ ಆಗಸ್ಟ್ 25ರಂದು, ಇನ್ನೂ ನಲವತ್ತನಾಲ್ಕನೇ ವಯಸ್ಸಿಗೇ ತೀರಿಕೊಂಡ. ಶುರುವಿನ ಕರಡುಗಳಲ್ಲಿ ಕಾಮನಬಿಲ್ಲು ಇಲ್ಲ. ಪ್ರದರ್ಶನವಾದ ಮೇಲೂ ಕಾನ್‌ಸ್ಟೇಬಲ್ ಈ ಕ್ಯಾನ್ವಾಸನ್ನು ಬಿಟ್ಟಿರಲಿಲ್ಲ, ವರ್ಷಗಳ ಕಾಲ ತಿದ್ದುತ್ತಲೇ ಇದ್ದ. ಹಾಗಾಗಿ ಗೆಳೆಯ ಸತ್ತ ಮೇಲೆ ಈ ಬಿಲ್ಲನ್ನು ಸೇರಿಸಿರಬಹುದು ಅನ್ನುವುದು ಕೆಲವು ವಿದ್ವಾಂಸರ ವಾದ. ಸಾಬೀತಾದ ಮಾತಲ್ಲ, ಆದರೆ ನನಗೆ ಈ ವಾದ ಒಪ್ಪಿಗೆ. ವಿಜ್ಞಾನ ಗೊತ್ತಿದ್ದವನು ಬೇಕಂತಲೇ ತಪ್ಪು ಜಾಗದಲ್ಲಿ ಬಿಲ್ಲು ಇಟ್ಟನೆಂದರೆ, ಇಳಿಯಬೇಕಾದ ಜಾಗ ಅವನಿಗೆ ಮೊದಲೇ ಗೊತ್ತಿತ್ತು ಅಂತ ಅರ್ಥ.

ಈಗ ಒಂದು ಕೆಲಸ ಮಾಡಿ. ಪರದೆಯ ಮೇಲಿನ ಕಾಮನಬಿಲ್ಲನ್ನು ಕೈಯಿಂದ ಮುಚ್ಚಿ ನೋಡಿ. ಚಿತ್ರ ಬಿಗಿಯಾಗುತ್ತದೆ, ಭಯ ಹುಟ್ಟಿಸುತ್ತದೆ, ಗೋಪುರ ಒಂಟಿಯಾಗುತ್ತದೆ. ಬರೀ ಚಿತ್ರವಾಗಿ ನೋಡಿದರೆ ಅದೇ ಉತ್ತಮ ಅಂತ ನನಗನಿಸುತ್ತದೆ. ಲಂಡನ್ನಿನ ಗಿಲ್ಡ್‌ಹಾಲ್ ಆರ್ಟ್ ಗ್ಯಾಲರಿಯಲ್ಲಿ ಇದೇ ಅಳತೆಯ ದೊಡ್ಡ ಕರಡು ಇದೆ. ದೊಡ್ಡ ಚಿತ್ರಗಳಿಗೆ ಅಷ್ಟೇ ದೊಡ್ಡ ಕರಡು ಬರೆದುಕೊಳ್ಳುವುದು ಕಾನ್‌ಸ್ಟೇಬಲ್‌ನ ಅಭ್ಯಾಸ. ಆ ಕಾಲದಲ್ಲಿ ಬೇರೆ ಯಾರೂ ಇಷ್ಟು ಬಣ್ಣ, ಇಷ್ಟು ಸಮಯ ಕರಡಿಗೆ ಸುರಿಯುತ್ತಿರಲಿಲ್ಲ. ಅವನ ಕರಡುಗಳೇ ಮುಗಿಸಿದ ಚಿತ್ರಕ್ಕಿಂತ ಚೆನ್ನ ಅನ್ನುವವರ ಗುಂಪೇ ಇದೆ, ಅನೇಕ ಸಲ ನಾನೂ ಆ ಗುಂಪಿಗೆ ಸೇರುತ್ತೇನೆ. ಈ ಚಿತ್ರದ ವಿಷಯದಲ್ಲಿ ಮಾತ್ರ ಇಲ್ಲ. ಇದರಲ್ಲಿ ಬೇಡದ್ದೆಲ್ಲ ಬೇಕು.

ಬದುಕಿರುವಾಗ ಇದನ್ನು ಯಾರೂ ಕೊಳ್ಳಲಿಲ್ಲ. ತನ್ನ ಕಲೆಯ ಪೂರ್ತಿ ಹರವು ಇದರಲ್ಲಿದೆ ಅಂತ ನಂಬಿದ್ದ ಕಾನ್‌ಸ್ಟೇಬಲ್ ಇದನ್ನು ‘ದೊಡ್ಡ ಸಾಲ್ಸ್‌ಬರಿ’ ಅಂತಲೇ ಕರೆಯುತ್ತಿದ್ದ. ಡೇವಿಡ್ ಲೂಕಸ್ ಅನ್ನುವ ಕೆತ್ತನೆಗಾರನ ಕೈಯಲ್ಲಿ ಇದರ ಮೆಜ್ಜೊಟಿಂಟ್ ಅಚ್ಚು, ಅಂದರೆ ಲೋಹದ ಹಲಗೆ ಕೆತ್ತಿ ತೆಗೆಯುವ ಅಚ್ಚು, ಮಾಡಿಸಲು ಕೂತ. ಕಪ್ಪು ಬಿಳುಪಿನಲ್ಲಿ ಕಾಮನಬಿಲ್ಲು ತೋರಿಸುವುದು ಹೇಗೆ, ನೀವೇ ಹೇಳಿ! ಕರಡಚ್ಚು ಬರುವುದು, ಇವನು ತಿದ್ದಿ ವಾಪಸ್ ಕಳಿಸುವುದು, ಅದು ಮತ್ತೆ ಬರುವುದು. ಲೂಕಸ್‌ನ ತಾಳ್ಮೆ ದೊಡ್ಡದು. 1837ರ ಮಾರ್ಚ್ 31ರಂದು ಕಾನ್‌ಸ್ಟೇಬಲ್ ಇದ್ದಕ್ಕಿದ್ದಂತೆ ತೀರಿಕೊಂಡಾಗ ಇಬ್ಬರೂ ಇನ್ನೂ ಆ ಅಚ್ಚಿನ ಹಿಂದೆಯೇ ಇದ್ದರು. ಅದು ಹೊರಬಂದಿದ್ದು ಆ ವರ್ಷವೇ.

2013ರಲ್ಲಿ ಇದೇ ಚಿತ್ರವನ್ನು ಟೇಟ್ 2.31 ಕೋಟಿ ಪೌಂಡಿಗೆ ಕೊಂಡಿತು. ಲಾಟರಿ ನಿಧಿ, ಆರ್ಟ್ ಫಂಡ್, ದಾನಿಗಳು ಎಲ್ಲರೂ ಸೇರಿ ಹಣ ಹೊಂದಿಸಿದರು. ಇಂಗ್ಲೆಂಡ್, ವೇಲ್ಸ್, ಸ್ಕಾಟ್‌ಲೆಂಡಿನ ಬೇರೆ ಮ್ಯೂಸಿಯಂಗಳ ಜೊತೆ ಹಂಚಿಕೊಂಡು ತೋರಿಸುವ ಒಪ್ಪಂದವಾಯಿತು, ಅದರಲ್ಲಿ ಸಾಲ್ಸ್‌ಬರಿ ಮ್ಯೂಸಿಯಮ್ಮೂ ಒಂದು. ಆ ಮ್ಯೂಸಿಯಂ ಇರುವುದು ಕೆಥೆಡ್ರಲ್ ಎದುರಿನ ಅಂಗಳದಲ್ಲೇ. ಹಣದ ಮೊತ್ತ ಕೇಳಿ ಹುಬ್ಬೇರಿಸುವವರು ಏರಿಸಲಿ. ಖಾಸಗಿ ಗೋಡೆಯೊಂದರ ಮೇಲೆ ಮರೆಯಾಗುವುದಕ್ಕಿಂತ ಇದು ಸಾವಿರ ಪಾಲು ವಾಸಿ.

ಲಂಡನ್ನಿಗೆ ಹೋಗುವವರಿದ್ದರೆ ನನ್ನ ಸಲಹೆ ಇಷ್ಟೇ. ಹೊರಡುವ ಮೊದಲು ಈ ಚಿತ್ರ ಆಗ ಯಾವ ಊರಿನಲ್ಲಿದೆ, ಗೋಡೆಯ ಮೇಲಿದೆಯೋ ಇಲ್ಲವೋ ಅಂತ ಟೇಟ್‌ನ ಜಾಲತಾಣದಲ್ಲಿ ನೋಡಿಕೊಳ್ಳಿ. ಲಂಡನ್ನಿನಲ್ಲೇ ಇದ್ದರೆ ಬೆಳಿಗ್ಗೆ ವಿಕ್ಟೋರಿಯಾ ಅಂಡ್ ಆಲ್ಬರ್ಟ್‌ಗೆ ಹೋಗಿ ಬಿಷಪ್ಪರ ತೋಟದ ಚಿತ್ರ ನೋಡಿ, ಅವರಿಗೆ ಇಷ್ಟವಾಗದ ಮೋಡ ಎಷ್ಟು ಪಾಪದ್ದು ಅಂತ ಗಮನಿಸಿ. ಮಧ್ಯಾಹ್ನ ಟೇಟ್ ಬ್ರಿಟನ್‌ಗೆ ಹೋಗಿ. ಮೊದಲು ದೂರದಿಂದ ನೋಡಿ, ಆಮೇಲೆ ಹತ್ತಿರ, ಆಮೇಲೆ ಮತ್ತೆ ದೂರ. ಫೋಟೋ ತೆಗೆಯಲು ಹೋಗಬೇಡಿ, ಆ ಬಿಳಿ ಚುಕ್ಕೆಗಳು ಯಾವ ಫೋಟೋದಲ್ಲೂ ಸರಿಯಾಗಿ ಬರುವುದಿಲ್ಲ.